ಕಂಬಳಿ ಮರೆಯ ಟೀವಿ

ಶಾಂತಿ ಮೇಡಂಗೆ ಒಂದು ವರ್ಷದ ಕೂಲಿ ಇನ್ನೂ ಬಾಕಿ ಇದೆ. ಅದಕ್ಕೆ ಗೌರವಧನ ಅಂತ ಒಂದು ನಯವಾದ ಹೆಸರಿಟ್ಟಿದ್ದಾರೆ, ಅವಳಿಗೂ ಅತಿಥಿ ಶಿಕ್ಷಕಿ ಅಂತ ಇನ್ನೊಂದು ನಯವಾದ ಹೆಸರು. ಅತಿಥಿ ಅಂದರೆ ಬಂದು ಉಂಡು ಹೋಗುವವರು. ಇವಳು ಬಂದು ದುಡಿದು ಉಣ್ಣದೆ ಹೋದವಳು. ಕೊರೊನಾ ವರ್ಷದ ಮಾತು. ಶಾಲೆಗೆ ಬೀಗ ಬಿದ್ದಿತ್ತು. ಅತಿಥಿಗಳನ್ನು ತೆಗೆದುಕೊಳ್ಳಿ ಅನ್ನುವ ಆರ್ಡರ್ ಅವಳ ಶಾಲೆಗೆ ಆ ವರ್ಷ ಬರಲೇ ಇಲ್ಲ. ಆರ್ಡರ್ ಇಲ್ಲದೆ ಪಾಠ ಮಾಡಿದವಳು ಕೂಲಿಯನ್ನು ಯಾವ ಆಫೀಸಿನ ಬಾಗಿಲಲ್ಲಿ ನಿಂತು ಕೇಳಬೇಕು? ಕೇಳಿದರೆ, ಮಾಡು ಅಂತ ನಿನಗೆ ಯಾರಮ್ಮ ಹೇಳಿದ್ದು ಅನ್ನುತ್ತಾರೆ. ಯಾರೂ ಹೇಳಿರಲಿಲ್ಲ, ನಿಜ.

ಈ ಬಾಕಿಯ ಮಾತನ್ನು ಕೊನೆಗೆ ಮತ್ತೆ ಎತ್ತುವುದಿದೆ. ಮೊದಲು ಅವಳ ಪಾಠ ನೋಡಿ.

ಹುಲ್ಲಹಳ್ಳಿಯಲ್ಲಿ ಬಸ್ಸಿಳಿದು ನಾಲೆ ಏರಿ ಹಿಡಿದು ನಡೆದರೆ ಎರಡು ಕಡೆ ಭತ್ತದ ಗದ್ದೆ, ನಡುನಡುವೆ ಕಬ್ಬು, ಆಮೇಲೆ ಮಾದನಕೊಪ್ಪಲು. ಊರಿಗೆ ಮೇಲಿನ ಬೀದಿ ಒಂದು, ಕೆಳಗಿನ ಕೇರಿ ಒಂದು, ಎರಡರ ನಡುವೆ ಸರ್ಕಾರಿ ಶಾಲೆ. ಶಾಂತಿ ಕೆಳಗಿನ ಕೇರಿಯ ಜವರಯ್ಯನ ಮಗಳು. ಅದೇ ಶಾಲೆಯಲ್ಲಿ ಓದಿ, ನಂಜನಗೂಡಿಗೆ ಹೋಗಿ ಬಂದು ಡಿ.ಎಡ್ ಮುಗಿಸಿ, ಅದೇ ಶಾಲೆಗೆ ಅತಿಥಿಯಾಗಿ ಸೇರಿದಳು. ಪ್ರತಿ ವರ್ಷ ಮಳೆಗಾಲಕ್ಕೆ ಹೊಸಬಳಾಗಿ ಬರುತ್ತಾಳೆ, ಬೇಸಿಗೆಗೆ ಮನೆಗೆ ಹೋಗುತ್ತಾಳೆ. ತಲೆಗೂದಲು ನೆರೆಯುತ್ತಾ ಬಂತು, ಅತಿಥಿತನ ಮುಗಿದಿಲ್ಲ.

ಶಾಲೆಯ ಐದನೇ ಕ್ಲಾಸಿನ ಗೋಡೆಗೆ ಈಗ ದಾನಿಗಳು ಕೊಟ್ಟ ಸ್ಮಾರ್ಟ್ ಬೋರ್ಡು ಬಂದಿದೆ. ಬೆಳಿಗ್ಗೆ ಬಂದವಳೇ ಅದನ್ನು ಸೆರಗಿನಿಂದ ಒರೆಸಿ, ಯೂಟ್ಯೂಬಿನಲ್ಲಿ ತಾನು ಮೊದಲೇ ಹುಡುಕಿಟ್ಟುಕೊಂಡ ವೀಡಿಯೋ ಹಚ್ಚುತ್ತಾಳೆ. ಊಸರವಳ್ಳಿಯೊಂದು ಕೊಂಬೆಯ ಮೇಲೆ ಹೆಜ್ಜೆ ಹೆಜ್ಜೆ ಹೋಗುತ್ತಿದೆ. ಎದುರಿನ ಎಲೆಯ ಮೇಲೆ ನೊಣ. ಊಸರವಳ್ಳಿ ಬಾಯಿ ಬಿಟ್ಟಿತು. ಟಕ್ಕನೆ ನಿಲ್ಲಿಸುತ್ತಾಳೆ.

"ಮುಂದೇನಾಯ್ತದೆ ಹೇಳ್ರಪ್ಪ?"

"ನೆಗೀತದೆ ಮಿಸ್!"

"ಉಗೀತದೆ ಮಿಸ್, ನೊಣುದ್ ಮ್ಯಾಕೆ ಉಗೀತದೆ!"

"ಲೇ, ನಿಮ್ಮ ತಾತ ಉಗ್ದಂಗೆ ಉಗಿಯಾಕೆ ಅದೇನು ಎಲೆಅಡಿಕೆ ಆಕ್ಕಂಡದಾ?"

ಕ್ಲಾಸು ಎದ್ದುಬಿಡುತ್ತದೆ. ಅವಳು ಗದರುವುದಿಲ್ಲ. ಪ್ರತಿಯೊಬ್ಬರೂ ತಮಗೆ ತೋಚಿದ್ದನ್ನು ಬರೆದು ತೋರಿಸಬೇಕು, ಯಾಕೆ ಹಾಗೆ ಅನ್ನುವುದನ್ನೂ ಹೇಳಬೇಕು, ಪಕ್ಕದವನ ಜೊತೆ ಜಗಳವನ್ನೂ ಆಡಬೇಕು. ಆಮೇಲೆಯೇ ಬಟನ್ ಒತ್ತುವುದು. ನಾಲಿಗೆ ಚಿಮ್ಮಿದಾಗ ಮಕ್ಕಳು ಹಾಕುವ ಕೇಕೆ ಪಂಚಾಯಿತಿ ಆಫೀಸಿನವರೆಗೂ ಕೇಳುತ್ತದೆ. ಆಮೇಲೆ ಆ ನಾಲಿಗೆಯ ಪಾಠವನ್ನು ಯಾರಿಗೂ ಉರುಹೊಡೆಸಬೇಕಾಗಿಲ್ಲ.

ಒಮ್ಮೆ ಶಾಲೆ ನೋಡಲು ಬಂದ ಸಾಹೇಬರೊಬ್ಬರು ಮೆಚ್ಚಿಕೊಂಡು, "ಇದನ್ನ ಯಾವ ಟ್ರೈನಿಂಗಲ್ಲಿ ಕಲಿತ್ರಿ ಮೇಡಂ?" ಅಂದರು.

"ಪುಟ್ಟಗೌರಮ್ಮೋರ ಮನೆ ಕಿಟಕೀಲಿ, ಸಾ," ಅಂದಳು ಶಾಂತಿ.

ಸಾಹೇಬರು ನಕ್ಕು ಜೀಪು ಹತ್ತಿದರು. ಅವಳು ತಮಾಷೆಗೆ ಹೇಳಿರಲಿಲ್ಲ.

ಮಾದನಕೊಪ್ಪಲಿಗೆ ಮೊದಲ ಟೀವಿ ಬಂದದ್ದು ಮೇಲಿನ ಬೀದಿಯ ಶಿವಸ್ವಾಮಿಯ ಮನೆಗೆ. ಭತ್ತದ ಗದ್ದೆ, ಕಬ್ಬು, ಕೊಟ್ಟಿಗೆ ತುಂಬ ಹಸು ಇದ್ದ ಮನೆ. ಮನೆಯ ಮುಂದೆ ಉದ್ದನೆಯ ಜಗಲಿ, ಜಗಲಿಗೆ ಮರದ ಕಂಬಗಳು, ಜಗಲಿಯ ಗೋಡೆಗೆ ಸರಳು ಹಾಕಿದ ದೊಡ್ಡ ಕಿಟಕಿ. ಭಾನುವಾರದ ದೇವರ ಧಾರಾವಾಹಿಗೆ ಮೇಲಿನ ಬೀದಿಯವರು ನಡುಮನೆಯಲ್ಲಿ ಕೂರುತ್ತಿದ್ದರು. ಅಲ್ಲಿ ಜಾಗ ಸಾಲದವರು ಜಗಲಿಯಲ್ಲಿ. ಕೆಳಗಿನ ಕೇರಿಯವರು ಬೀದಿಯಲ್ಲಿ ನಿಂತು, ಜಗಲಿಯವರ ತಲೆಗಳನ್ನು ದಾಟಿ, ಸರಳುಗಳ ಸಂದಿಯಲ್ಲಿ ನೋಡಬೇಕು. ಚಿಕ್ಕ ಶಾಂತಿಗೆ ಎತ್ತರ ಸಾಲದು. ಶಿವಸ್ವಾಮಿಯ ಹೆಂಡತಿ ಪುಟ್ಟಗೌರಮ್ಮ ಆಗಿನ್ನೂ ಹೊಸ ಸೊಸೆ. ಅವಳೇ ಒಂದು ದಿನ ಮುರುಕು ಒರಳುಕಲ್ಲೊಂದನ್ನು ಬೀದಿಗೆ ಉರುಳಿಸಿ, "ಅದ್ರ ಮೇಲೆ ನಿಂತ್ಕಳಮ್ಮಿ, ಕತ್ತು ಮುರ್ಕಂಡೀಯೆ" ಅಂದಿದ್ದಳು. ಜಗಲಿ ಹತ್ತು ಅನ್ನಲಿಲ್ಲ. ಕಲ್ಲು ಕೊಟ್ಟಳು. ಎರಡನ್ನೂ ನೆನಪಿಟ್ಟುಕೊಳ್ಳಬೇಕು.

ಜವರಯ್ಯ ಆಗ ಸಂಘಟನೆಯ ಹುರುಪಿನಲ್ಲಿದ್ದ. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟಿದ್ದನ್ನು ಒಡೆದು ಲಾಠಿ ತಿಂದವನು. ಅವನ ಅಪ್ಪ ಮೇಲಿನ ಬೀದಿಯವರನ್ನು 'ಬುದ್ದಿ' ಅಂತ ಕೈಮುಗಿದು ಕರೆದುಕೊಂಡೇ ಸತ್ತ. ಇವನು ಆ ಪದವನ್ನು ಬಾಯಿಂದ ಕಿತ್ತು ಬಿಸಾಡಿದ. ಒಂದು ಭಾನುವಾರ ಸಭೆ ಮುಗಿಸಿ ಬರುವಾಗ ಮಗಳು ಒರಳುಕಲ್ಲಿನ ಮೇಲೆ ತುದಿಗಾಲಲ್ಲಿ ನಿಂತದ್ದು ಕಂಡಿತು. ಟೀವಿಯಲ್ಲಿ ರಾಕ್ಷಸನೊಬ್ಬ ಗದೆ ಎತ್ತಿದ್ದ. ಜವರಯ್ಯ ಮಗಳ ರಟ್ಟೆ ಹಿಡಿದು ಎಳೆದ.

"ಬೀದಿ ನಾಯಿ ಬಾಡಿನಂಗಡಿ ನೋಡ್ದಂಗೆ ಇದೇನಮ್ಮಿ ನೋಡೋದು? ಒಳಿಕ್ಕೆ ಕರೀದೇ ಇದ್ ಮನೇದು ಏನೂ ಬ್ಯಾಡ ನಮ್ಗೆ. ನಡಿ!"

"ಗದೆ ಬೀಳ್ಲಿ ಕಣಪ್ಪೋ, ಒಂದೇ ಒಂದ್ ಕಿತ!"

ಗದೆ ಬೀಳುವುದನ್ನು ಅವಳು ನೋಡಲಿಲ್ಲ. ಆ ವಾರವೆಲ್ಲ ನಾಲೆಯಲ್ಲಿ ಬಟ್ಟೆ ಒಗೆಯುವಾಗ, ಸಗಣಿ ಹೊರುವಾಗ, ಗದೆ ಯಾರ ತಲೆಯ ಮೇಲೆ ಬಿತ್ತು ಅನ್ನುವುದೊಂದೇ ಯೋಚನೆ. ದಿನಕ್ಕೊಂದು ಕಥೆ ಕಟ್ಟಿದಳು. ಒಂದರಲ್ಲಿ ಗದೆಯೇ ಮುರಿಯಿತು, ಇನ್ನೊಂದರಲ್ಲಿ ರಾಕ್ಷಸನ ಕೈ ಉಳುಕಿತು. ಕೇರಿಯ ಮಕ್ಕಳನ್ನು ಕೂರಿಸಿಕೊಂಡು ಅವನ್ನೆಲ್ಲ ಹೇಳಿದಳು. ಧಾರಾವಾಹಿ ಪೂರ್ತಿ ನೋಡಿದ ಮೇಲಿನ ಬೀದಿಯ ಹುಡುಗರು ಮಾರನೆಯ ದಿನವೇ ಅದನ್ನು ಮರೆತಿದ್ದರು. ಇವಳು ಇವತ್ತಿಗೂ ಮರೆತಿಲ್ಲ.

ಕೊರೊನಾ ಬಂದು ಶಾಲೆ ಮುಚ್ಚಿತು. ಮಕ್ಕಳನ್ನು ಅವರವರ ಬೀದಿಯಲ್ಲೇ, ಜಗಲಿಯಲ್ಲೋ ಮರದಡಿಯಲ್ಲೋ ಕೂರಿಸಿ ಪಾಠ ಮಾಡಿ ಅಂದರು. ವಠಾರ ಶಾಲೆ ಅಂತ ಹೆಸರಾಯಿತು. ಹೆಡ್‌ಮಾಸ್ಟರ್ ನಟರಾಜ್ ತಿ. ನರಸೀಪುರದಿಂದ ಬೈಕಿನಲ್ಲಿ ಬರುತ್ತಿದ್ದರು. ಮಾಸ್ಕು ಗಲ್ಲದಲ್ಲಿ, ಆರ್ಡರ್ ಜೇಬಲ್ಲಿ. ಮೇಲಿನ ಬೀದಿಯ ಮಕ್ಕಳನ್ನು ಪುಟ್ಟಗೌರಮ್ಮನ ಜಗಲಿಯಲ್ಲಿ ತಾವೇ ಕೂರಿಸಿಕೊಂಡರು. ಕೆಳಗಿನ ಕೇರಿಗೆ ಹೊಂಗೆ ಮರ ಸಾಕು ಅಂದರು, ಮಾಡುವವರು ಯಾರು ಅಂತ ಹೇಳಲಿಲ್ಲ. ಶಾಂತಿ ಹೋಗಿ ನಿಂತಳು.

"ನಿಮ್ಗೆ ಈ ವರ್ಷ ಆರ್ಡರ್ ಇಲ್ವಲ್ಲ ಮೇಡಂ."

"ಮಕ್ಳವೆ ಸಾ."

"ಅಲ್ಲ, ನಾಳೆ ಸಂಬಳ ಕೇಳಿದ್ರೆ ನಾನೆಲ್ಲಿಂದ ತರ್ಲಿ?"

"ಕೇಳಿದಾಗ ನೋಡ್ಕಳ್ಳಿ."

ಪಾಠಕ್ಕೆ ಅವಳ ಹತ್ತಿರ ಇದ್ದದ್ದು ತನ್ನ ಫೋನೊಂದೇ. ಕೇರಿಯಲ್ಲಿ ನೆಟ್‌ವರ್ಕ್ ಸಿಗದು. ಸಂಜೆ ನಾಲೆ ಏರಿಯ ಮೇಲೆ ಫೋನನ್ನು ಎತ್ತಿ ಹಿಡಿದು ಅಡ್ಡಾಡಿ ವೀಡಿಯೋ ಇಳಿಸಿಕೊಳ್ಳುತ್ತಿದ್ದಳು. ಭತ್ತಕ್ಕೆ ನೀರು ಕಟ್ಟಲು ಬಂದವರು, "ಏನ್ ಮೇಡಮ್ಮೋರೆ, ಮೋಡ ಇಡೀತಿದ್ದೀರಾ?" ಅನ್ನುತ್ತಿದ್ದರು. ಬೆಳಿಗ್ಗೆ ಹೊಂಗೆಯಡಿಯಲ್ಲಿ ಅಂಗೈಯಗಲದ ಪರದೆಗೆ ಇಡೀ ಕೇರಿಯ ಮಕ್ಕಳು ಮುಗಿಬೀಳುತ್ತಿದ್ದರು. ಮುಂದೆ ಕೂತವನಿಗೆ ಆನೆ ಕಂಡರೆ ಹಿಂದಿನವನಿಗೆ ಮುಂದಿನವನ ಬೋಳು ನೆತ್ತಿ. ಸಿದ್ದರಾಜು ಅಂತ ಒಬ್ಬ ಹುಡುಗ, ಹಿಂದಿನ ಸಾಲಿನವನು, ಒಂದು ದಿನ ಎದ್ದು ನಿಂತು ಹೇಳಿದ:

"ಮಿಸ್, ನಂಗೆ ಬರೀ ಸೌಂಡ್ ಬತ್ತಾ ಅದೆ. ನಾನು ರೇಡಿಯೋ ಕ್ಲಾಸಾ?"

ಎಲ್ಲರೂ ನಕ್ಕರು. ಶಾಂತಿ ನಗಲಿಲ್ಲ. ಒರಳುಕಲ್ಲು ಕಣ್ಣ ಮುಂದೆ ಬಂತು.

ಶಿವಸ್ವಾಮಿಯ ಮನೆಯಲ್ಲಿ ಈಗ ಗೋಡೆಯಗಲದ ಟೀವಿ ಇತ್ತು. ಮಗ ಮಹಾದೇವಸ್ವಾಮಿ ಹಾಲಿನ ವ್ಯವಹಾರದಲ್ಲಿ ನಾಲ್ಕು ಕಾಸು ಮಾಡಿಕೊಂಡು, ಮನೆಗೆ ನೆಟ್ಟಿನ ಕನೆಕ್ಷನ್ನನ್ನೂ ಎಳೆಸಿದ್ದ. ಶಾಂತಿ ಹೋಗಿ ಬೀದಿಯಲ್ಲೇ ನಿಂತು ಕರೆದಳು. ಪುಟ್ಟಗೌರಮ್ಮ ಅಕ್ಕಿ ಆರಿಸುವ ಮೊರ ಹಿಡಿದುಕೊಂಡೇ ಬಂದಳು.

"ಗೌರಮ್ಮೋರೆ, ನಿಮ್ಮ ಟೀವಿ ಬೇಕಿತ್ತು. ಎರಡು ಕಡೆ ಮಕ್ಳಿಗೂ ಒಟ್ಟಿಗೆ ತೋರಿಸ್ತೀನಿ. ನಿಮ್ಮ ಮೊಮ್ಮಗಳು ಲಿಖಿತಾನೂ ನೋಡ್ತಾಳೆ."

ಪುಟ್ಟಗೌರಮ್ಮ ಮೊರದಲ್ಲಿ ಕಲ್ಲು ಹುಡುಕುತ್ತಾ ಯೋಚಿಸಿದಳು. ಕೆಟ್ಟ ಹೆಂಗಸಲ್ಲ. ಕೆಟ್ಟವಳಾಗಿದ್ದರೆ ಈ ಕಥೆ ಎಷ್ಟೋ ಸಲೀಸು.

"ಒಳಗೆ ಎಂಗವ್ವ ಕೂರ್ಸಾದು? ನಮ್ಮನೆವ್ರ್ ಸಮಾಚಾರ ನಿಂಗೊತ್ತಲ್ಲ. ಒಂದ್ ಕೆಲ್ಸ ಮಾಡ್ತೀನಿ. ಟೀವೀನ ಕಿಟಕಿ ಕಡೀಕೆ ತಿರುಗ್ಸಿಬುಡ್ತೀನಿ. ನಮ್ ಮಕ್ಳು ಜಗಲೀಲಿ ಕೂತ್ಕಳ್ಳಿ, ನಿಮ್ ಮಕ್ಳು ಬೀದೀಲಿ. ಎಲ್ರಿಗೂ ಕಾಣ್ತದೆ. ಎಂಗೆ?"

ಶಾಂತಿ ಒಪ್ಪಿಕೊಂಡಳು. ಗೋಣಿಚೀಲ ಹಾಸಿ ಕೇರಿಯ ಮಕ್ಕಳನ್ನು ಬೀದಿಯಲ್ಲಿ ಕೂರಿಸಿದಳು. ಟೀವಿ ಅವಳ ಬಾಲ್ಯದ ಜಾಗದಲ್ಲೇ, ಅದೇ ಸರಳುಗಳ ಹಿಂದೆ. ಅವಳು ಮನೆ ಮುಟ್ಟುವ ಹೊತ್ತಿಗೆ ಜವರಯ್ಯ ಸುದ್ದಿ ಕೇಳಿ ಕಾದು ಕೂತಿದ್ದ. ಈಗ ಅವನಿಗೆ ಮಂಡಿ ನೋವು, ಕೋಲು ಬೇಕು. ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ.

"ಓದ್ಯಾ ತಾಯಿ, ಅದೇ ಕಿಟಕಿಗೆ? ನಿನ್ನ ಅಲ್ಲಿಂದ ಎಳ್ಕಂಡ್ ಬಂದು ಓದ್ಸಿ ಮೇಡಂ ಮಾಡ್ದೆ. ನೀನು ಕೇರಿ ಮಕ್ಳನ್ನೇ ಕರ್ಕಂಡೋಗಿ ಕೂರ್ಸ್‌ಬುಟ್ಟೆ."

"ಇಲ್ಲಿ ಕೂರ್ಸಿದ್ರೆ ಏನೂ ಕಾಣಲ್ಲ ಕಣಪ್ಪ."

"ಕಾಣ್ದಿದ್ರೆ ಸಾಯಾಕಿಲ್ಲ. ಬಗ್ಗೋದ ಕಲ್ತ್ರೆ ಕೆಡ್ತವೆ."

ತಾಯಿ ಚಿಕ್ಕಮಾದಮ್ಮ ಒಲೆಯ ಮುಂದಿನಿಂದ, "ಮಾತಾಡಾಕೇನು, ನೀನೋಗಿ ಒಂದ್ ಟೀವಿ ತಂದ್ಬುಡು ನೋಡಾನ" ಅಂದಳು. ಹುಡುಗಿಯಾಗಿದ್ದಾಗ ಬದನವಾಳಿನ ಖಾದಿ ಕೇಂದ್ರದಲ್ಲಿ ನೂಲು ತೆಗೆದವಳು, ಗಂಡನ ಮಾತಿನ ಎಳೆ ಎಲ್ಲಿ ಕಡಿಯಬೇಕು ಅಂತ ಬಲ್ಲಳು. ಜವರಯ್ಯ ಬೀಡಿ ಹಚ್ಚಿದ. ಅಪ್ಪ ಹೇಳಿದ್ದು ಸುಳ್ಳಲ್ಲ ಅಂತ ಶಾಂತಿಗೆ ಗೊತ್ತಿತ್ತು. ಸಿದ್ದರಾಜು ಹೇಳಿದ್ದೂ ಸುಳ್ಳಲ್ಲ.

ಕಿಟಕಿಯ ಪಾಠ ನಡೆಯುತ್ತಾ ಹೋಯಿತು. ಮೋಡ ಇದ್ದಷ್ಟು ದಿನ ಚೆನ್ನಾಗಿತ್ತು. ಮೋಡ ಸರಿದು ಬಿಸಿಲು ಬಿದ್ದದ್ದೇ ಟೀವಿಯ ಗಾಜಿನಲ್ಲಿ ಬೀದಿಯೇ ಕಾಣತೊಡಗಿತು. ಎದುರು ಮನೆಯ ಹಂಚು, ಹಗ್ಗದ ಮೇಲೆ ಒಣಗುವ ಲಂಗ, ತಮ್ಮದೇ ಮುಖ. ಬೀದಿಯ ಮಕ್ಕಳಿಗೂ ಕಾಣದು, ಜಗಲಿಯ ಮಕ್ಕಳಿಗೂ ಕಾಣದು.

"ಅಜ್ಜಿ, ಟೀವೀಲಿ ನಮ್ಮ ಅಸ ಬತ್ತಾ ಅದೆ!" ಅಂತ ಲಿಖಿತಾ ಕೂಗಿದಳು. ಬೀದಿಯಲ್ಲಿ ಹೋಗುತ್ತಿದ್ದ ಹಸು ಗಾಜಿನಲ್ಲಿ ಮೂಡಿತ್ತು.

ಪುಟ್ಟಗೌರಮ್ಮ ಗಂಡನ ಎರಡು ಕರಿಕಂಬಳಿಗಳನ್ನು ತಂದು ಜಗಲಿಯ ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ ಇಳಿಬಿಟ್ಟಳು. ಜಗಲಿ ಕತ್ತಲಾಯಿತು. ಟೀವಿ ಬೆಳಗಿತು. ಟೂರಿಂಗ್ ಟಾಕೀಸೇ. ಒಳಗಿನ ಮಕ್ಕಳು ಹೋ ಅಂದರು. ಆಮೇಲೆ ನೋಡಿದರೆ ಕೆಳಗಿನ ಕೇರಿಯ ಮಕ್ಕಳೆಲ್ಲ ಕಂಬಳಿಯ ಆಚೆ, ಬಿಸಿಲಲ್ಲಿ, ಕಪ್ಪು ಉಣ್ಣೆ ನೋಡುತ್ತಾ ಕೂತಿದ್ದಾರೆ. ಕತ್ತಲಿರುವುದು ಜಗಲಿಯ ಮೇಲೆ. ನೋಡಬೇಕಾದರೆ ಜಗಲಿ ಹತ್ತಲೇಬೇಕು, ಬೇರೆ ದಾರಿ ಇಲ್ಲ.

ಶಾಂತಿ ಪುಟ್ಟಗೌರಮ್ಮನ ಮುಖ ನೋಡಿದಳು. ಪುಟ್ಟಗೌರಮ್ಮ ಬೀದಿಯ ಎರಡೂ ಕಡೆ ನೋಡಿದಳು. ಒಳಗೆ ಹೋಗಿ ಇನ್ನೊಂದು ಕಂಬಳಿ ತಂದಳು. ಹಳೆಯದು, ಅಂಚು ಹರಿದದ್ದು. ಅದನ್ನು ಜಗಲಿಯ ಒಂದು ತುದಿಗೆ ಹಾಸಿದಳು.

"ಕಂಬಳಿಗೆ ಮೈಲಿಗೆ ಇಲ್ಲ ಕಣವ್ವ. ಇದ್ರ ಮ್ಯಾಲೆ ಕೂತ್ಕಂಡ್ರೆ ಯಾರೂ ಏನೂ ಅನ್ನಂಗಿಲ್ಲ. ಬರಾಕೇಳು ನಿನ್ ಮಕ್ಳ."

ಹಳೇ ಮೈಸೂರಿನ ಹಳ್ಳಿಯವರಿಗೆ ಈ ನಂಬಿಕೆ ಹೊಸದಲ್ಲ. ಉಣ್ಣೆಗೆ ಮುಟ್ಟುಚಿಟ್ಟಿಲ್ಲ, ಅದಕ್ಕೆ ಏನೂ ಅಂಟದು. ಪುಟ್ಟಗೌರಮ್ಮನ ಮಟ್ಟಿಗೆ ಅದು ದೊಡ್ಡ ಮನಸ್ಸಿನ ಕೆಲಸ, ಸೊಸೆಯಾಗಿ ಬಂದಾಗಿನಿಂದ ಕೇರಿಯವರು ಯಾರೂ ಹತ್ತದ ಜಗಲಿಗೆ ಹತ್ತಿಸುತ್ತಿದ್ದಾಳೆ. ಮಕ್ಕಳು ಚಪ್ಪಲಿ ಬಿಟ್ಟು ಆಗಲೇ ಮೆಟ್ಟಿಲ ಮೇಲೆ. ಶಾಂತಿಗೆ ಮಾತ್ರ ಆ ಕಂಬಳಿಯ ಅಂಚೇ ಕಾಣುತ್ತಿತ್ತು. ಅದರ ಮೇಲೆ ಯಾರು ಕೂರುತ್ತಾರೋ ಅವರು ಯಾರು ಅಂತ ಮಕ್ಕಳಿಗೆ ಗೊತ್ತಾಗಿಬಿಡುತ್ತದೆ. ಅಕ್ಷರಕ್ಕಿಂತ ಮೊದಲು ಅದೇ ಬಾಯಿಪಾಠ ಆಗುತ್ತದೆ. ಬೇಡ ಅಂದರೆ ಹೊಂಗೆ ಮರ, ಸಿದ್ದರಾಜುವಿಗೆ ಮತ್ತೆ ರೇಡಿಯೋ. ಹೂಂ ಅಂದರೆ ಅಪ್ಪನ ಮುಖಕ್ಕೆ ಮುಖ ಕೊಡುವುದು ಹೇಗೆ?

"ನಿಂತ್ಕಳ್ರೋ," ಅಂದಳು. ಮಕ್ಕಳು ಮೆಟ್ಟಿಲ ಮೇಲೇ ನಿಂತರು. ಮೇಡಂ ಅನ್ನುವ ಹೆಸರಿನ ಬಲದಲ್ಲಿ ತಾನೊಬ್ಬಳೇ ಹತ್ತಿ ಕಿಟಕಿಯ ಪಕ್ಕ ನಿಂತು ಪಾಠ ಶುರು ಮಾಡಿದಳು. ಮೆಟ್ಟಿಲ ಕಡೆಯ ಕಂಬಳಿಯನ್ನು ಒಂದಿಷ್ಟು ಸರಿಸಿದ್ದಳು, ನಿಂತವರಿಗೂ ಅಷ್ಟಿಷ್ಟು ಕಾಣುತ್ತಿತ್ತು.

ಅವತ್ತಿನ ಪಾಠ ಬೆನ್ನುಮೂಳೆ ಇಲ್ಲದ ಪ್ರಾಣಿಗಳು. ಕಡಲಲ್ಲಿರುವ ಆಕ್ಟೋಪಸ್. ಎಂಟು ಕೈ, ಕುಂಬಳಕಾಯಿಯಂಥ ತಲೆ. ಅದನ್ನೊಂದು ಗಾಜಿನ ಪೆಟ್ಟಿಗೆಯಲ್ಲಿ ಬಿಟ್ಟಿದ್ದಾರೆ. ಪೆಟ್ಟಿಗೆಗೆ ಒಂದೇ ಒಂದು ತೂತು, ನಿಂಬೆಹಣ್ಣು ತೂರುವಷ್ಟು. ಆಕ್ಟೋಪಸ್ ತೂತನ್ನು ಮುಟ್ಟಿ ನೋಡಿತು. ಒಂದು ಕೈಯನ್ನು ಆಚೆಗೆ ಹಾಕಿತು. ಇನ್ನೊಂದು ಕೈ. ತಲೆಯನ್ನು ತೂತಿಗೆ ಒತ್ತಿತು.

ಶಾಂತಿ ರಿಮೋಟ್ ಒತ್ತಿದಳು. ಚಿತ್ರ ನಿಂತಿತು.

"ತೂರ್ತದೋ ಇಲ್ವೋ?"

"ತೂರಲ್ಲ ಮಿಸ್! ತಲೆ ಸಿಕ್ಕಾಕತದೆ!"

"ತೂರ್ತದೆ!" ಅಂದ ಮೆಟ್ಟಿಲ ಮೇಲಿನಿಂದ ಸಿದ್ದರಾಜು. "ಅದ್ಕೆ ಮೂಳೆ ಇಲ್ಲ ಅಂದ್ರಲ್ಲ!"

"ಲೋ, ನೀನು ಒಳಿಕ್ಕೆ ಬಂದು ಮಾತಾಡು," ಅಂದಳು ಲಿಖಿತಾ. "ನಿಂಗೆ ಸರ್ಯಾಗಿ ಕಾಣ್ತಾ ಇಲ್ಲ."

ಜಗಳ ಏರಿತು. ಹಾಕಿ ಮಿಸ್, ಹಾಕಿ ಮಿಸ್ ಅಂತ ಕೂಗು. ಶಾಂತಿ ರಿಮೋಟನ್ನು ಸೆರಗಿಗೆ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಗೌರಮ್ಮೋರೆ, ಕಂಬಳಿ ಹಾಸೋದಾದ್ರೆ ಎಲ್ಲಾ ಮಕ್ಳಿಗೂ ಹಾಸಿ. ಇಲ್ಲಾಂದ್ರೆ ಯಾರಿಗೂ ಬೇಡ. ಅಲ್ಲೀವರ್ಗೂ ಇದು ಮುಂದಕ್ಕೆ ಓಗಲ್ಲ."

ಅಪ್ಪ ರಸ್ತೆ ತಡೆದು ಕೂತದ್ದನ್ನು ಎಷ್ಟೋ ಸಲ ನೋಡಿದ್ದಳು. ಅವಳು ಮಾಡಿದ್ದು ಇದೊಂದೇ ಬಂದ್, ಒಂದು ರಿಮೋಟಿನದು.

"ಏನವ್ವ, ನನ್ ಟೀವಿ ನನ್ಗೇ ಆಕಲ್ಲ ಅಂತೀಯ?"

"ಟೀವಿ ನಿಮ್ದೇ. ಪಾಠ ನಂದು."

"ಅಷ್ಟು ಉದ್ದದ ಕಂಬಳಿ ನಾನೆಲ್ಲಿಂದ ತರ್ಲಿ?"

"ಅದುಕ್ಕೇ ಹೇಳ್ತಿರೋದು."

ನಟರಾಜ್ ಮೇಷ್ಟ್ರು ನಡುವೆ ಬಾಯಿ ಹಾಕಿ, "ಮೇಡಂ, ಮೇಲಿಂದ ಆರ್ಡರ್..." ಅಂದರು. ಯಾವ ಆರ್ಡರ್ ಅಂತ ಅವರಿಗೇ ಹೊಳೆಯದೆ ಮಾಸ್ಕನ್ನು ಮೂಗಿಗೆ ಏರಿಸಿಕೊಂಡರು. ಮಕ್ಕಳು ಪುಟ್ಟಗೌರಮ್ಮನಿಗೆ ಮುತ್ತಿಗೆ ಹಾಕಿದರು. ಲಿಖಿತಾ ಅಜ್ಜಿಯ ಸೀರೆ ಹಿಡಿದು ಜಗ್ಗಿ, "ಅಜ್ಜೀ, ತಲೆ ಸಿಕ್ಕಾಕಂಡು ಸತ್ತೋಯ್ತದೆ, ಬೇಗ!" ಅಂತ ಅಳುವುದಕ್ಕೆ ಹತ್ತಿದಳು.

ಇಲ್ಲೊಂದು ಗುಟ್ಟಿದೆ. ಟೀವಿಯನ್ನು ಕಿಟಕಿಗೆ ತಿರುಗಿಸಿದಂದಿನಿಂದ ಮನೆಯೊಳಗಿದ್ದ ಪುಟ್ಟಗೌರಮ್ಮನಿಗೆ ಕಾಣುತ್ತಿದ್ದದ್ದು ಅದರ ಬೆನ್ನು ಮಾತ್ರ. ಅದಕ್ಕೇ ದಿನಾ ಏನಾದರೂ ನೆಪ ತೆಗೆದು ಜಗಲಿಗೆ ಬಂದು ನಿಲ್ಲುತ್ತಿದ್ದಳು. ಜ್ವಾಲಾಮುಖಿ ನೋಡಿದ್ದಳು, ಪೆಂಗ್ವಿನ್ ನೋಡಿದ್ದಳು. ಈಗ ಆಕ್ಟೋಪಸ್ಸಿನ ಎರಡು ಕೈ ಆಚೆ, ತಲೆ ಈಚೆ. ಅವಳೂ ತಡೆಯಲಾರಳು.

ಬೀದಿಯ ಎರಡೂ ಕಡೆ ಇನ್ನೊಮ್ಮೆ ನೋಡಿದಳು. ಆಮೇಲೆ ಬಗ್ಗಿ ಹಾಸಿದ್ದ ಕಂಬಳಿಯನ್ನು ಸುತ್ತಿ ಕಂಕುಳಿಗೆ ಇಟ್ಟುಕೊಂಡಳು.

"ಮಳೆ ಬಂದ್ರೆ ನಮ್ಮನೆವ್ರಿಗೆ ಬೇಕಾಯ್ತದೆ ಇದು," ಅಂದಳು ಯಾರಿಗೂ ಅಲ್ಲ ಅನ್ನುವ ಹಾಗೆ. ಆಕಾಶದಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ. ಒಳಗೆ ಹೋಗಿ ಅದನ್ನು ಬಿಸಾಡಿ ಬಂದು, ಬಾಗಿಲಿಗೆ ಒರಗಿ ಕೂತಳು. ಹತ್ತಿ ಅನ್ನಲಿಲ್ಲ, ಬೇಡ ಅನ್ನಲಿಲ್ಲ. "ಆಕವ್ವ ಈಗ, ಅದು ಏನಾಯ್ತು ನೋಡಾನ" ಅಂದಳು.

ಸಿದ್ದರಾಜು ಬರಿಯ ಜಗಲಿಯ ಮೇಲೆ ಲಿಖಿತಾಳ ಪಕ್ಕ ಹೋಗಿ ತುರುಕಿಕೊಂಡು ಕೂತ. ಆಕ್ಟೋಪಸ್ ತಲೆಯನ್ನು ರೊಟ್ಟಿ ಹಿಟ್ಟಿನ ಹಾಗೆ ಒತ್ತಿ ಒತ್ತಿ ಆಚೆ ಇಳಿಸಿತು. ಮಕ್ಕಳ ಕೂಗಿಗೆ ಕೊಟ್ಟಿಗೆಯ ಹಸುಗಳು ಎದ್ದು ನಿಂತವು.

ಮನೆಗೆ ಹೋದಾಗ ಜವರಯ್ಯನಿಗೆ ಸುದ್ದಿ ಮುಟ್ಟಿತ್ತು.

"ಆಮ್ಯಾಕೆ ಜಗಲಿ ತೊಳುದ್ಲಾ?"

"ದಿನಾ ತೊಳೀತಾರೆ ಕಣಪ್ಪ."

"ಕ್ಲಾಸಾದ್ ಮ್ಯಾಲೆ ತೊಳುದ್ಲಾ ಅಂದೆ."

ಪುಟ್ಟಗೌರಮ್ಮ ಅವತ್ತು ಕ್ಲಾಸಾದ ಮೇಲೂ ತೊಳೆದಿದ್ದಳು. ಮಾರನೆಯ ದಿನವೂ ತೊಳೆದಳು, ಅದರ ಮಾರನೆಯ ದಿನವೂ. ಆಮೇಲೆ ದಿನಾ ಎರಡು ಸಲ ಬಿಂದಿಗೆ ಹೊರುವುದಕ್ಕೆ ಸೊಂಟ ಹಿಡಿದು ಬಿಟ್ಟುಬಿಟ್ಟಳು. ಜವರಯ್ಯನ ಚಳವಳಿ ಬಿಡಿಸಲಾರದ್ದನ್ನು ಪುಟ್ಟಗೌರಮ್ಮನ ಸೊಂಟನೋವು ಬಿಡಿಸಿತು. ಬಿಟ್ಟಿತಲ್ಲ, ಅಷ್ಟು ಸಾಕು.

ಆ ದಿನಗಳನ್ನು ಶಾಂತಿ ಈಗಲೂ ಎಣ್ಣೆ ಹಚ್ಚಿಕೊಂಡು ಕೂತ ಭಾನುವಾರಗಳಲ್ಲಿ ನೆನೆಯುತ್ತಾಳೆ. ಕಂಬಳಿಯ ಕುರಿವಾಸನೆ, ಅದಕ್ಕೆ ಬೆರೆತ ಮಕ್ಕಳ ತಲೆಯ ಹರಳೆಣ್ಣೆ. ಸಂದಿಯಿಂದ ನುಗ್ಗುವ ಬಿಸಿಲಿನ ಎಳೆಯಲ್ಲಿ ಹಾರುವ ದೂಳು. ಯಾರ ಮಡಿಲಲ್ಲಿ ಯಾರ ಕಾಲು ಅಂತ ಗೊತ್ತಾಗದ ಕತ್ತಲು. ಪುಟ್ಟಗೌರಮ್ಮ ಮಕ್ಕಳಿಗಿಂತ ಮೊದಲು ಉತ್ತರ ಹೇಳಿ ತಪ್ಪಾಗಿ, "ಅಜ್ಜಿ ಫೇಲು!" ಅನ್ನಿಸಿಕೊಳ್ಳುತ್ತಿದ್ದಳು. ಜಗಲಿಯ ಮೇಲೆ ಮಕ್ಕಳು ಸೀಮೆಸುಣ್ಣದಲ್ಲಿ ಬರೆದ ಎಂಟು ಕೈಯ ಆಕ್ಟೋಪಸ್ಸನ್ನು ತುಳಿದು ಅಳಿಸಿದಷ್ಟು ಸಲ ಯಾರೋ ತಿದ್ದುತ್ತಿದ್ದರು.

ಜವರಯ್ಯ ಬಂದದ್ದು ಒಂದು ಸಂಜೆ, ಮಳೆ ಹನಿಯುವಾಗ. ಮಗಳಿಗೆ ಕೊಡೆ ತಂದಿದ್ದ. ಕಂಬಳಿಯನ್ನು ಎತ್ತಿ ಹಿಡಿದು, ಒಳಗೂ ಬರದೆ ಹೊರಗೂ ಹೋಗದೆ ನಿಂತ. ಟೀವಿಯ ಮೇಲೆ ಬೆಳಕು ಬಿತ್ತು.

"ಯಾರದು? ಜವರಯ್ಯನಾ?" ಅಂದಳು ಪುಟ್ಟಗೌರಮ್ಮ, ಟೀವಿಯಿಂದ ಕಣ್ಣು ಕೀಳದೆ. "ಒಳಿಕ್ಕಾದ್ರೂ ಬಾ, ಆಚ್ಗಾದ್ರೂ ಓಗು. ಕಂಬಳಿ ಬುಡು ಮೊದ್ಲು, ಏನೂ ಕಾಣಾಕಿಲ್ಲ."

ಇಡೀ ಆಯುಸ್ಸು ಆ ಮನೆಯಿಂದ ಗೌರವದ ಮಾತೊಂದನ್ನು ಕೇಳಲು ಕಾದಿದ್ದವನಿಗೆ ಸಿಕ್ಕಿದ್ದು ಗದರಿಕೆ. ಜವರಯ್ಯ ಒಳಗೆ ಬಂದು, ಕಂಬಳಿ ಬಿಟ್ಟು, ಕಂಬಕ್ಕೆ ಒರಗಿ ಕೂತ. ಪಾಠ ಮುಗಿಯುವ ತನಕ ಏಳಲಿಲ್ಲ. ದಾರಿಯಲ್ಲಿ ಮಗಳಿಗೆ ಹೇಳಿದ್ದು ಇಷ್ಟೇ: "ಆವತ್ತು ಗದೆ ಯಾರ್ ಮ್ಯಾಲೆ ಬಿತ್ತು ಅಂತ ಗೊತ್ತಾಯ್ತಾ ನಿಂಗೆ ಕೊನೀಗೆ?"

"ಇಲ್ಲ ಕಣಪ್ಪ."

"ನೋಡಾಕೆ ಬುಡ್ಬೇಕಿತ್ತು ನಾನು," ಅಂದ. ಒಂದಿಷ್ಟು ದೂರ ನಡೆದು, "ಬುಟ್ಟಿದ್ರೆ ನೀನಿಂಗೆ ಆಯ್ತಿರ್ನಿಲ್ಲ ಬುಡು" ಅಂತಲೂ ಸೇರಿಸಿದ. ಸೋಲೊಪ್ಪಿ ಅಭ್ಯಾಸವಿಲ್ಲದ ಜೀವ.

ಶಾಲೆ ಬಾಗಿಲು ತೆರೆಯಿತು. ಕಂಬಳಿಗಳು ಗದ್ದೆಗೆ ವಾಪಸಾದವು. ನಟರಾಜ್ ಮೇಷ್ಟ್ರು ವರ್ಗ ಮಾಡಿಸಿಕೊಂಡು ತಮ್ಮ ತಿ. ನರಸೀಪುರಕ್ಕೆ ಹೋದರು. ದಾನಿಗಳು ಬಂದು ಸ್ಮಾರ್ಟ್ ಬೋರ್ಡು ಹಾಕಿಸಿ ಫೋಟೋ ತೆಗೆಸಿಕೊಂಡರು. ಅದೇ ವರ್ಷ ಮೇಲಿನ ಬೀದಿಗೆ ಹಳದಿ ವ್ಯಾನು ಬಂತು. ನಂಜನಗೂಡು ಟೌನಿನ ಇಂಗ್ಲಿಷ್ ಸ್ಕೂಲು. ಮಹಾದೇವಸ್ವಾಮಿ ಲಿಖಿತಾಳನ್ನು ಹತ್ತಿಸಿದ. ಅವನನ್ನು ನೋಡಿ ಪಕ್ಕದ ಮನೆಯವನು, ಅವನನ್ನು ನೋಡಿ ಆಚೆ ಮನೆಯವನು. ಪುಟ್ಟಗೌರಮ್ಮನ ಮನೆಯ ಜಗಲಿ ಒಡೆಸಿ ಟೈಲ್ಸು ಹಾಕಿ ಕಬ್ಬಿಣದ ಗ್ರಿಲ್ಲು ಕೂರಿಸಿದರು. ಸರ್ಕಾರಿ ಶಾಲೆಯಲ್ಲಿ ಉಳಿದದ್ದು ಕೆಳಗಿನ ಕೇರಿಯ ಮಕ್ಕಳು ಮಾತ್ರ. ಮಕ್ಕಳು ಇನ್ನೂ ಕಡಿಮೆಯಾದರೆ ಶಾಲೆಯನ್ನು ಬೇರೆ ಊರಿಗೆ ಸೇರಿಸುತ್ತಾರೆ ಅನ್ನುವ ಮಾತೂ ಎದ್ದಿದೆ.

ಕಂಬಳಿ ಹಾಸಿ ಬೇರೆ ಕೂರಿಸುವುದನ್ನು ಶಾಂತಿ ಒಂದು ರಿಮೋಟು ಹಿಡಿದು ತಡೆದಿದ್ದಳು. ವ್ಯಾನು ಕಳಿಸಿ ಬೇರೆ ಕೂರಿಸುವುದನ್ನು ತಡೆಯಲು ಯಾವ ಬಟನ್ ಒತ್ತಬೇಕು ಅಂತ ಅವಳಿಗೆ ತಿಳಿಯದು. ಮೊನ್ನೆ ಗ್ರಿಲ್ಲಿನ ಆಚೆ ನಿಂತು ನೇರವಾಗಿ ಕೇಳಿಯೇ ಬಿಟ್ಟಳು.

"ಗೌರಮ್ಮೋರೆ, ಲಿಖಿತಾನ ನಮ್ಮ ಸ್ಕೂಲಿಗೇ ಕಳಿಸಿ. ಬೋರ್ಡದೆ, ನೆಟ್ಟದೆ, ಬಿಸಿಯೂಟ ಅದೆ. ಪಾಠ ನಾನು ಮಾಡ್ತೀನಿ."

"ನೀನು ಚೆಂದಾಗಿ ಮಾಡ್ತೀಯೆ ಕಣವ್ವ, ನಾನೇ ಕಲ್ತಿಲ್ವಾ? ಮಗ ಕೇಳಬೇಕಲ್ಲ. ಎಲ್ರೂ ಕಳಿಸ್ತಾವ್ರೆ, ನಾವೊಬ್ರೇ ಬುಟ್ರೆ ಏನಂದಾರು?"

"ಕಂಬಳಿ ಸುತ್ತಿ ಒಳಗಿಟ್ಟಾಗ ಯಾರು ಏನಂದ್ರು ಅಂತ ಕೇಳಿದ್ರಾ ನೀವು?"

ಪುಟ್ಟಗೌರಮ್ಮ ಗ್ರಿಲ್ಲಿನ ಸರಳು ಹಿಡಿದುಕೊಂಡು ನಿಂತಳು. ಒಳಗೆ ಬಾ ಅಂದಳು, ಕಾಫಿ ಕುಡ್ಕಂಡೋಗು ಅಂದಳು. ಶಾಂತಿ ಹೋಗಿ ನಡುಮನೆಯಲ್ಲೇ ಕೂತು ಕಾಫಿ ಕುಡಿದು ಬಂದಳು. ಅಲ್ಲಿಯವರೆಗೂ ಊರು ಬಂದಿದೆ, ಸುಳ್ಳು ಹೇಳಬಾರದು. ಆದರೆ ಲಿಖಿತಾ ವ್ಯಾನಿನಲ್ಲೇ ಹೋಗುತ್ತಾಳೆ.

ವ್ಯಾನು ಬೆಳಿಗ್ಗೆ ಶಾಲೆಯ ಎದುರೇ ನಿಂತು ಹಾರ್ನ್ ಹೊಡೆಯುತ್ತದೆ, ತಡವಾಗಿ ಬರುವ ಮಕ್ಕಳಿಗಾಗಿ. ಐದನೇ ಕ್ಲಾಸಿನ ಕಿಟಕಿ ರಸ್ತೆ ಕಡೆಗಿದೆ. ಲಿಖಿತಾ ಟೈ ಕಟ್ಟಿಕೊಂಡು, ವ್ಯಾನಿನ ಕಿಟಕಿಯ ಸರಳಿಗೆ ಹಣೆ ಒತ್ತಿ, ಕ್ಲಾಸಿನ ಬೋರ್ಡನ್ನು ನೋಡುತ್ತಾಳೆ. ಒಂದು ದಿನ ಸಮುದ್ರದಾಮೆಯ ಮರಿಯೊಂದು ಮರಳಲ್ಲಿ ತೆವಳುತ್ತಾ ನೀರಿನ ಕಡೆ ಹೋಗುತ್ತಿತ್ತು. ಮೇಲೆ ಹದ್ದು ಸುತ್ತುತ್ತಿತ್ತು.

"ಮಿಸ್, ಅದು ನೀರಿಗೆ ಓಯ್ತಾ?" ಅಂತ ವ್ಯಾನಿನಿಂದ ಕೂಗಿದಳು.

"ಇಳಿದು ಬಂದು ನೋಡೇ!" ಅಂತ ಒಳಗಿನಿಂದ ಸಿದ್ದರಾಜುವಿನ ತಂಗಿ ಕೂಗಿದಳು. ಡ್ರೈವರ್ ಗೇರು ಹಾಕಿದ. ಸರಳಿಗೆ ಒತ್ತಿದ ಆ ಹಣೆ ತಿರುವಿನವರೆಗೂ ಹಿಂದಕ್ಕೆ ತಿರುಗಿಕೊಂಡೇ ಹೋಯಿತು. ಶಾಂತಿ ರಿಮೋಟ್ ಹಿಡಿದ ಕೈಯನ್ನು ಇಳಿಸಿದಳು. ಆಮೆ ಮರಳ ಮೇಲೆ ನಿಂತೇ ಇತ್ತು.

ಈಗ ಬಾಕಿಯ ಮಾತು. ಶಾಂತಿಯ ಆ ವರ್ಷದ ಕೂಲಿಯನ್ನು ಕೊಡುವ ಆಫೀಸು ಯಾವುದೂ ಇಲ್ಲ ಅಂತ ಅವಳಿಗೆ ಗೊತ್ತು, ನಮಗೂ ಗೊತ್ತು. ಹೋಗಲಿ. ಅವಳು ದುಡಿದದ್ದು ಎರಡು ಬೀದಿಯ ಮಕ್ಕಳು ಒಂದೇ ಪರದೆಯ ಮುಂದೆ ಕೂರಲಿ ಅಂತ. ಕೂಲಿಯನ್ನೂ ಅದೇ ಲೆಕ್ಕದಲ್ಲಿ ತೀರಿಸಿದರಾಯಿತು. ಸರ್ಕಾರಿ ಶಾಲೆ ಉಳೀಬೇಕು ಅಂತ ಭಾಷಣ ಮಾಡುವವರು, ಅದಕ್ಕೆ ಚಪ್ಪಾಳೆ ತಟ್ಟುವವರು, ಇದನ್ನು ಓದಿ ಅಯ್ಯೋ ಪಾಪ ಅನ್ನುವವರು, ನಿಮ್ಮ ಮನೆಯ ಮುಂದೆಯೂ ಬೆಳಿಗ್ಗೆ ಒಂದು ವ್ಯಾನು ನಿಲ್ಲುತ್ತದೆ. ನಾಳೆ ಅದನ್ನು ಖಾಲಿ ಕಳಿಸಿ. ಮಗುವಿನ ಕೈ ಹಿಡಿದು ನಿಮ್ಮೂರಿನ ಸರ್ಕಾರಿ ಶಾಲೆಗೆ ನಡೆಸಿಕೊಂಡು ಹೋಗಿ, ಕೇರಿಯ ಮಗುವಿನ ಪಕ್ಕದ ಬೆಂಚಿನಲ್ಲಿ ಕೂರಿಸಿ ಬನ್ನಿ. ಆಗಲ್ಲ ಅಂದರೆ ಯಾಕೆ ಆಗಲ್ಲ ಅಂತ ಆ ಮಕ್ಕಳ ಎದುರಿಗೇ ನಿಂತು ಹೇಳಿ.